ಊದು

ಮೂರು ಸಲ ಬದಲಾಯಿಸಿದನಂತೆ ವಾದ್ಯದ ಬಾಯಿತುಂಡನ್ನು.
ಆಕ್ಲೆಂಡಿನಿಂದ ತಂಗಿ ಕಳಿಸಿದ ಬೆಳ್ಳಿಯದು,
ಶಾಲೆಯ ಕಪಾಟಿನ ಹಳೇ ಹಿತ್ತಾಳೆಯದು,
ಆಮೇಲೆ ಸತ್ತ ಚಿಕ್ಕಪ್ಪನದು.
‘ಮೇಲಿನ ಸ್ವರಕ್ಕೆ ಏರುವಾಗ
ಗಾಳಿ ಎಲ್ಲೋ ಸೋರುತ್ತದೆ, ಲೂಪೆ.
ಯೂಫೋನಿಯಮ್ಮಿನ ತಪ್ಪಲ್ಲ ಅಂತಾರೆ ಬ್ಯಾಂಡ್ ಮಾಸ್ತರು.
ಮತ್ತೆ ಯಾರದು?’

ನಮ್ಮ ದವಾಖಾನೆಗೆ ಇರುವುದೊಂದೇ ಕುರ್ಚಿ.
ಹಿಂದಕ್ಕೆ ವಾಲಿಸಿ ದೀಪ ಬಗ್ಗಿಸಿದೆ.
ಇಳಿತದ ಹೊತ್ತಿನ ಕಡಲಿನ ಹಾಗೆ
ಒಸಡು ಹಿಂದೆ ಸರಿದು
ಬಂಡೆಗಳ ಬುಡ ಕಾಣುತ್ತಿತ್ತು.
ಸಲಾಕೆ ಇಳಿಬಿಟ್ಟೆ: ಮೂರು, ನಾಲ್ಕು, ಆರು,
ಕೆಳಗಿನ ಮುಂದಿನ ಹಲ್ಲಿನ ಹತ್ತಿರ ಏಳು ಮಿಲಿಮೀಟರು.
ಕೂಗಿ ಹೇಳಿದೆ ಅಭ್ಯಾಸಬಲದಿಂದ.
ಬರೆದುಕೊಳ್ಳುವವರಿಲ್ಲ, ನಾನೇ ಬರೆದುಕೊಂಡೆ.

‘ರಾತ್ರಿ ಎಷ್ಟು ಸಲ ಏಳುತ್ತೀ, ಸೆಮಿಸಿ?’
‘ಹಲ್ಲು ನೋಡುವವಳಿಗೆ ಅದ್ಯಾಕೆ?’
‘ಹೇಳು.’
‘ನಾಲ್ಕು. ನಾಯಿ ಕೂಡ ಈಗ ಬೊಗಳೋದು ಬಿಟ್ಟಿದೆ.’

ಊದುವವನ ಬಾಯೇ ಊದಿಕೊಂಡಿದೆ.

ಬೆಂಕಿ ಎಂದರೆ ಹೊಗೆ ಹುಡುಕುತ್ತೇವೆ.
ಇದು ಭಾನುವಾರದ ಉಮುವಿನ ಬೆಂಕಿ:
ಕಲ್ಲು ಕಾಯಿಸಿ, ಬಾಳೆಲೆ ಹೊದಿಸಿ, ಮಣ್ಣೆಳೆದ ಮೇಲೆ
ಮಕ್ಕಳು ಅದರ ಪಕ್ಕದಲ್ಲೇ ಚೆಂಡಾಡುತ್ತಿರುತ್ತಾರೆ,
ಕೆಳಗೆ ಮಾಂಸ ಮೂಳೆ ಬಿಡುತ್ತಿರುತ್ತದೆ.
ಒಸಡಲ್ಲಿ ಹೊತ್ತಿದ್ದನ್ನು
ನೆತ್ತರು ಹೊತ್ತು ಊರೆಲ್ಲ ತಿರುಗುತ್ತದೆ.
ಯಕೃತ್ತು ಗಾಬರಿಬಿದ್ದು ಸಿಆರ್‌ಪಿ ಸುರಿಯುತ್ತದೆ.
ಇನ್ಸುಲಿನ್ ಬಂದು ಬಾಗಿಲು ಬಡಿದರೆ
ಈ ಗಲಾಟೆಯಲ್ಲಿ ಒಳಗಿದ್ದವರಿಗೆ ಕೇಳುವುದಿಲ್ಲ.
ಬೀದಿಯಲ್ಲೇ ಉಳಿದ ಸಕ್ಕರೆ
ಸುತ್ತಿ ಸುತ್ತಿ ಮತ್ತೆ ಒಸಡಿಗೇ ಬರುತ್ತದೆ,
ಕೈಯಲ್ಲೊಂದು ಕೊಳ್ಳಿ ಹಿಡಿದು.

ಯಾವುದು ಮೊದಲು?
ಸೂವಾದಲ್ಲಿ ಓದುವಾಗ ನಾನೂ ಕೇಳಿದ್ದೆ.
ಮೇಷ್ಟ್ರು ಬೋರ್ಡಿನ ಮೇಲೆ ಎರಡು ಬಾಣ ಎಳೆದರು,
ಒಂದರ ಬಾಲ ಇನ್ನೊಂದರ ಬಾಯಲ್ಲಿ.
ಆಮೇಲೆ ಗಂಟೆ ಹೊಡೆಯಿತು.

ಇಂಟರ್‌ಲ್ಯೂಕಿನ್ ಆರು, ಟಿಎನ್‌ಎಫ್ ಆಲ್ಫಾ.
ಹೆಸರು ನನಗೆ ಬಾಯಿಪಾಠ, ಅಳೆಯುವ ಯಂತ್ರ ನಮ್ಮಲ್ಲಿಲ್ಲ.
ಸಿಆರ್‌ಪಿಗೆ ಉಂಟು, ಅದೂ ರಾಜಧಾನಿಯಲ್ಲಿ.
ಗುರುವಾರದ ಹಡಗಿನ ಐಸ್ ಪೆಟ್ಟಿಗೆಯೊಳಗೆ
ಯಾರದೋ ಮದುವೆಯ ಟ್ಯೂನಾ ಮೀನಿನ ಮಗ್ಗುಲಲ್ಲಿ
ಸೆಮಿಸಿಯ ಎರಡು ಬೆರಳು ರಕ್ತ ಹೋಯಿತು.
ಹನ್ನೊಂದು ಅಂತ ಬಂತು.
ಮೂರು ತಿಂಗಳ ಸಕ್ಕರೆ ಒಂಬತ್ತೂವರೆ.
‘ಇದು ಯಾವ ಆಟದ ಸ್ಕೋರು?’ ಅಂದ.

ನಾಲ್ಕು ಬುಧವಾರ ಕೆರೆದೆ.
ಕಲ್ಲು ಬಿತ್ತು, ಕೀವು ಹೋಯಿತು,
ಬೇಸಿನ್ನಿನ ನೀರು ಕಡೆಗೊಮ್ಮೆ ತಿಳಿಯಾಯಿತು.
ಹಲ್ಲಿನ ಸಂದಿಗೆ ದಾರ ಆಡಿಸು ಅಂದರೆ
‘ಗಾಳದ ನೈಲಾನ್ ಆಗುತ್ತದಾ?’
ಆಗೋದಿಲ್ಲ ಅಂದೆ.
ಅದರಲ್ಲೇ ಮಾಡಿದ, ಹೆಂಡತಿ ಲೆಸೀಲಿ ಹೇಳಿದಳು,
ಇಪ್ಪತ್ತು ಪೌಂಡು ತಡೆಯುವ ನೈಲಾನಿನಲ್ಲಿ.

ಮಳೆಗಾಲ ಕಳೆದು ಬಂದ ಕಾಗದದಲ್ಲಿ
ಸಿಆರ್‌ಪಿ ಐದು, ಸಕ್ಕರೆ ಎಂಟೂಮುಕ್ಕಾಲು.
ಮಾತ್ರೆಯ ಪಾಲೆಷ್ಟು, ನನ್ನ ಕೆರೆತದ ಪಾಲೆಷ್ಟು?
ಡಾಕ್ಟರು ಮಾತ್ರೆ ಅನ್ನುತ್ತಾರೆ.
ನಾನು ಸುಮ್ಮನೆ ಕಾಗದ ಮಡಚಿದೆ.

ಆ ಏಳರ ಹಲ್ಲು ಮಾತ್ರ ನಿಲ್ಲಲಿಲ್ಲ.

ಭಾನುವಾರ ಚರ್ಚಿನಲ್ಲಿ, ಸೊಂಟಕ್ಕೆ ಚಾಪೆ ಸುತ್ತಿ,
ಹೊಳೆಯುವ ವಾದ್ಯವನ್ನು ಮಗುವಿನಂತೆ ತಬ್ಬಿ ಕೂತಿದ್ದ.
ಎತ್ತರದ ಸ್ವರ ಬಂದಾಗ ತುಟಿ ತೆಗೆದುಬಿಟ್ಟ.
ಪಕ್ಕದ ಹುಡುಗ ಅದನ್ನು ಊದಿದ,
ಇವನು ಕೆಳಗಿನಲ್ಲಿ ಮತ್ತೆ ಸೇರಿಕೊಂಡ,
ಜನಕ್ಕೆ ಗೊತ್ತಾಗಲಿಲ್ಲ.

ನಾನು ಮೂರನೇ ಸಾಲಿನಲ್ಲಿ ಹಾಡುತ್ತ
ನಾಲಗೆಯ ತುದಿಯಿಂದ ನನ್ನದೇ ಒಸಡು ಮುಟ್ಟಿ ನೋಡುತ್ತಿದ್ದೆ.
ಬೆಳಿಗ್ಗೆ ಉಗಿದ ನೀರು ನಸುಗೆಂಪಾಗಿತ್ತು.
ಅಮ್ಮನಿಗೂ ಸಕ್ಕರೆ, ಅವಳ ಅಮ್ಮನಿಗೂ.
ಈ ದ್ವೀಪದಲ್ಲಿ ಬಾಯಿ ನೋಡುವವಳು
ನಾನೊಬ್ಬಳೇ.